ಸೆರಗಿನ ಗಂಟು

"ಸೀರೆ ಕೊಡವು ರಂಡೆ! ಎಲ್ಲಿ ಅಡಗಿಸಿಟ್ಟಿದ್ದಿ ಹೇಳು!"

ಗೇರುಬೀಜದ ಕಾರ್ಖಾನೆಯ ಗೇಟಿನಲ್ಲಿ ಜಯಪಾಲ ಮೇಸ್ತ್ರಿ ಬಾಗಿಯ ತುರುಬು ಹಿಡಿದೆಳೆದ. ಸಂಜೆ ಮನೆಗೆ ಹೊರಟ ಹೆಣ್ಣಾಳುಗಳು ಬೀಜ ಕದ್ದಿದ್ದಾರೋ ಎಂದು ತಡವಿ ನೋಡುವುದು ಅವನ ಕೆಲಸ. ಬಿಚ್ಚಿದ ಕೂದಲಿನಿಂದ ಒಂದು ಮುರುಕು ತಿರುಳು ಉದುರಿತು.

"ಮಗುವಿಗೆ ಅಂತ ಧಣಿ..."

"ಆ ಮಗುವೇ ಯಾರದ್ದೆಂದು ನಿನಗೆ ಗೊತ್ತುಂಟಾ ಬೇವರ್ಸಿ? ನಾಳೆ ಬೆಳಿಗ್ಗೆ ಕುತ್ತಿಗೆಗೆ ಬೀಜದ ಮಾಲೆ ಹಾಕಿ ಇಲ್ಲೇ ನಿಲ್ಲಿಸ್ತೇನೆ. ಊರಿಡೀ ನೋಡ್ಲಿ."

ಗುಮಾಸ್ತರು ನಕ್ಕರು. ಸಾಲಿನಲ್ಲಿ ನಿಂತಿದ್ದ ಅಕ್ಕು ತನ್ನ ಸೆರಗಿನ ತುದಿ ಹಿಡಿದುಕೊಂಡಳು. ಹೋದ ವರ್ಷ ಆ ಮಾಲೆ ಹಾಕಿಸಿಕೊಂಡ ಕಿನ್ನಿ ಮರುದಿನ ವಠಾರದ ಬಾವಿಯಲ್ಲಿ ಹೆಣವಾಗಿ ತೇಲಿದ್ದಳು.

ಕಿನ್ನಿ ಹೋದ ಮೇಲೆಯೇ ಸೂಲಗಿತ್ತಿ ಮಗ್ದಲೀನ್ ಬಾಯಮ್ಮ ಹೆಂಗಸರನ್ನು ಕೂಡಿಸಿ ಸಂಘ ಕಟ್ಟಿದ್ದು. ಅದಕ್ಕೆ ಕೋಣೆಯಿಲ್ಲ, ಬೋರ್ಡಿಲ್ಲ. ಗಂಡ ಹೊಡೆದಿರಲಿ, ಮೇಸ್ತ್ರಿ ಮಾನ ತೆಗೆದಿರಲಿ, ನೊಂದವಳನ್ನು ಆ ದಿನ ಒಂಟಿ ಬಿಡಬಾರದು. ಇನ್ನೊಬ್ಬಳು ತನ್ನ ಸೆರಗನ್ನು ಅವಳ ಸೆರಗಿಗೆ ಗಂಟು ಹಾಕಿಕೊಂಡು ಜೊತೆಗೇ ನಡೆದು, ಜೊತೆಗೇ ಉಂಡು, ಪಕ್ಕದಲ್ಲೇ ಮಲಗಬೇಕು. ಸಂಘದ ಕಟ್ಟಳೆ ಇಷ್ಟೆ. ಈ ವಾರದ ಪಾಳಿ ಅಕ್ಕುವಿನದು.

ಗೇಟಿನ ಹೊರಗೆ ಸಂಘದ ಇನ್ನೊಬ್ಬಳು, ಹೇಮಾಕ್ಷಿ, ಬಾಗಿಯ ಕೂದಲು ಒತ್ತರಿಸಿ ತುರುಬು ಕಟ್ಟಿದಳು. ತನ್ನ ಮುಡಿಯ ಅಬ್ಬಲಿಗೆ ಹೂ ಕಿತ್ತು ಅದಕ್ಕೆ ಸಿಕ್ಕಿಸಿದಳು. ಅಕ್ಕು ಸೆರಗಿಗೆ ಸೆರಗು ಗಂಟು ಹಾಕಿದಳು. ಬೀಜದ ಸೊನೆ ಸುಟ್ಟು ಅವಳ ಬೆರಳ ತುದಿಗಳು ಕರಟಿಹೋಗಿದ್ದವು. ಗಂಟು ಬಿಗಿಯಿತೋ ಇಲ್ಲವೋ ಆ ಬೆರಳಿಗೆ ತಿಳಿಯದು, ಕಣ್ಣಿಂದಲೇ ನೋಡಬೇಕು. ಹೆದರಿಕೆಯಲ್ಲಿ ಅಕ್ಕು ನೋಡಲಿಲ್ಲ.

"ಅಕ್ಕುವಕ್ಕ, ನಾಳೆ ನನ್ನ ಮಗು ಗೇಟಿನ ಹತ್ತಿರ ಬಂದ್ರೆ?"

"ಬರ್ಲಿಕ್ಕೆ ಬಿಡುವುದಿಲ್ಲ ಮಾರಾಯ್ತಿ. ಸುಮ್ಮನೆ ನಡಿ."

ಜೆಪ್ಪುವಿನ ತಿರುವಿನಲ್ಲಿ ಹಂಚು ಹೇರಿದ ಗಾಡಿಗಳು ಎದುರಾದವು. ಎತ್ತುಗಳಿಗೆ ದಾರಿ ಬಿಟ್ಟು ಅಕ್ಕು ಪಕ್ಕಕ್ಕೆ ಸರಿದಳು. ತಿರುಗಿ ನೋಡುವಾಗ ಸೆರಗಿನ ತುದಿ ಬರಿದೇ ಜೋತಾಡುತ್ತಿತ್ತು.

ಅವಳು ಓಡಿದಳು. ವಠಾರದ ಬಾವಿ ಕಣ್ಣಿಗೆ ಬೀಳುವ ಮೊದಲೇ ನೀರಿಗೆ ಬಿದ್ದ ಸದ್ದು ಕೇಳಿಸಿತು. ಅಕ್ಕು ಕಿರುಚಿದಳು. ಬಾಯಮ್ಮ, ಹೇಮಾಕ್ಷಿ, ಅಕ್ಕಪಕ್ಕದ ಹೆಂಗಸರು ಓಡಿ ಬಂದು ಹಗ್ಗ ಇಳಿಬಿಟ್ಟರು. ಕೆಳಗಿನ ಕತ್ತಲೆಯಿಂದ ಬಾಗಿಯ ದನಿ ಬಂತು.

"ಅಕ್ಕಾ, ಎಳೀರಿ! ನನಗೆ ಸಾಯುವುದು ಬೇಡ!"

ಎಳೆಯತೊಡಗಿದ್ದರು, ಅಷ್ಟರಲ್ಲಿ ಬೂಟಿನ ಸದ್ದು. ಗಸ್ತಿನ ಪೊಲೀಸ.

"ನಿಲ್ಲಿ," ಬಾಯಮ್ಮ ಪಿಸುಗುಟ್ಟಿದಳು. "ಬಾವಿಗೆ ಹಾರಿದವಳಿಗೆ ಜೈಲುಂಟು. ಮಗುವಿನ ಗತಿ ಎಂತ?"

"ಎಂತದು ಗಲಾಟೆ?" ಪೊಲೀಸ ಕೇಳಿದ.

"ನೀರು ಸೇದ್ತಾ ಇದ್ದೇವೆ ಸ್ವಾಮಿ," ಎಂದಳು ಹೇಮಾಕ್ಷಿ.

"ಒಂದು ಕೊಡಕ್ಕೆ ಇಷ್ಟು ಹೆಂಗಸರಾ? ಒಳಗೆ ಆನೆ ಉಂಟಾ?" ಅವನು ಕಟ್ಟೆಯ ಮೇಲೆ ಕಾಲಿಟ್ಟು ಬೀಡಿ ಹಚ್ಚಿದ. "ನನಗೂ ಬಾಯಾರಿಕೆ. ಸೇದಿ, ನೋಡುವ."

ಯಾರೂ ಅಲುಗಲಿಲ್ಲ. ಪೊಲೀಸನ ದನಿ ಕೇಳಿ ಬಾಗಿಯೂ ಉಸಿರೆತ್ತಲಿಲ್ಲ. ಹಗ್ಗ ಮಾತ್ರ ನಡುಗುತ್ತಿತ್ತು. ಅವನು ಹೊಗೆ ಬಿಟ್ಟ, ಬೂದಿ ಕೊಡವಿದ, ಮತ್ತೆ ಬೀಡಿ ಎಳೆದ. ಹೋಗುವ ಹಾಗೆ ಕಾಣಲಿಲ್ಲ. ನಡುಕ ಕಡಿಮೆಯಾಗುತ್ತಾ ಬಂದು, ಹಗ್ಗ ಒಮ್ಮೆ ಸಡಿಲಾಯಿತು. ಅಕ್ಕು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು.

"ಎಳೀರಿ," ಎಂದಳು.

"ಅಕ್ಕು, ಜೈಲು..."

"ಜೈಲಿನಲ್ಲಿ ಉಸಿರಾಡ್ಲಿಕ್ಕಾದ್ರೂ ಆಗ್ತದೆ ಬಾಯಮ್ಮ. ಎಳೀರಿ!"

ರಾಟೆ ಕಿರುಗುಟ್ಟಿತು. ನೀಲಿಗಟ್ಟಿದ ತುಟಿಗಳ ಬಾಗಿ ಕಟ್ಟೆಯ ಮೇಲೆ ಬಂದು ಬಿದ್ದು ಕೆಮ್ಮಿದಳು. ಹೆಂಗಸರು ಸುತ್ತಲೂ ಒತ್ತಾಗಿ ನಿಂತರು. ಯಾರೋ ತಮ್ಮ ಸೆರಗಿನಿಂದಲೇ ಅವಳ ಮುಖ ಒರೆಸಿದರು.

"ಸರೀರಿ ಆಚೆ! ಇದು ಕೇಸು!" ಪೊಲೀಸ ಲಾಠಿ ಎತ್ತಿದ.

ಅಕ್ಕು ಲಾಠಿಯ ಎದುರಿಗೆ ಬಂದು ನಿಂತಳು.

"ಮೊದಲು ಆ ಮೇಸ್ತ್ರಿಯ ಮೇಲೆ ಕೇಸು ಬರಿ."

ಅವನು ಸೀಟಿ ಊದಿದ. ಕಂಕನಾಡಿಯ ಕಡೆಯಿಂದ ಇನ್ನೊಬ್ಬ ಪೊಲೀಸನ ಸೀಟಿ ಓಗೊಟ್ಟಿತು.