ಮಾರ್ಗದರ್ಶಕರ ವಿದ್ಯಾರ್ಹತೆ

ಸಿರುಗುಪ್ಪದ ತಾಲ್ಲೂಕು ಕಚೇರಿಯ ಎದುರು ಇಪ್ಪತ್ತಾರು ವರ್ಷದಿಂದ ಅರ್ಜಿ ಬರೆದುಕೊಡುತ್ತಿದ್ದ ಹೈದರಸಾಬರಿಗೆ ಭಾಗ್ಯ ಮೊದಲ ದಿನವೇ ಹಿಡಿಸಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅವರು ಒಂದು ಅರ್ಜಿಗೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಈ ಹುಡುಗಿ ಬಂದವಳೇ ಕಾಂಪೌಂಡಿಗೆ ಒಂದು ಬಟ್ಟೆಯ ಬ್ಯಾನರು ಕಟ್ಟಿ, ‘ಉಚಿತ ಕಾನೂನು ನೆರವು’ ಎಂದು ಅವರ ಮೇಜಿನಿಂದ ಹತ್ತು ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು.

ಅದು ಎರಡು ಸಾವಿರದ ಏಳನೇ ಇಸವಿ. ಭಾಗ್ಯ ಬಳ್ಳಾರಿಯಲ್ಲಿ ಕಾನೂನು ಓದುತ್ತಿದ್ದಳು, ಕೊನೆಯ ವರ್ಷ. ತಂದೆ ಇರಲಿಲ್ಲ. ತಾಯಿ ಸಾವಂತ್ರಮ್ಮ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಕಣದಲ್ಲಿ ಭತ್ತ ಒಣಗಿಸುವ ಕೆಲಸ ಮಾಡುತ್ತಿದ್ದಳು. ಆ ವರ್ಷ ಭಾಗ್ಯಳ ತರಗತಿ ಅರ್ಧಕ್ಕರ್ಧ ಖಾಲಿಯಾಗಿತ್ತು. ಪಹಣಿ ಓದಲು, ಒಪ್ಪಂದದ ಕಾಗದ ತಿದ್ದಲು ಬರುವ ಹುಡುಗರನ್ನೆಲ್ಲ ಗಣಿ ಕಂಪನಿಗಳ ಕಚೇರಿಗಳು ಡಿಗ್ರಿ ಮುಗಿಯುವ ಮೊದಲೇ ಕರೆದುಕೊಂಡು ಹೋಗುತ್ತಿದ್ದವು. ಹೋದವರು ಪರೀಕ್ಷೆಗೆಂದು ಬರುವಾಗ ಕಾರಿನಲ್ಲಿ ಬರುತ್ತಿದ್ದರು. ಎರ್ರಿಸ್ವಾಮಿ ಎಂಬ ಮೇಷ್ಟ್ರೊಬ್ಬರು ಮಾತ್ರ ಕಾಲೇಜಿನ ಕಾನೂನು ನೆರವು ಘಟಕವನ್ನು ಬಿಡದೆ ನಡೆಸುತ್ತಿದ್ದರು. ‘ವಾರಕ್ಕ ಒಂದು ದಿನ ನಿಮ್ಮೂರಿನ ಕಚೇರಿ ಮುಂದ ಕುಂದರ್ರಿ, ಯಾರು ಯಾತಕ್ಕ ಅಲೆದಾಡ್ತಾರ ನೋಡ್ರಿ’ ಎಂದು ಅವರು ಹೇಳಿದಾಗ ಒಂಬತ್ತು ಮಂದಿ ಕೈಯೆತ್ತಿದ್ದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಉಳಿದವಳು ಭಾಗ್ಯ ಒಬ್ಬಳೇ.

ಅವಳ ಮೊದಲ ಕಕ್ಷಿದಾರಳು ಉಚ್ಚೆಂಗೆಮ್ಮ ಎಂಬ ಮುದುಕಿ. ನಿಂತುಹೋದ ವಿಧವಾ ವೇತನ ಮತ್ತೆ ಶುರುವಾಗಬೇಕಿತ್ತು. ಭಾಗ್ಯ ನಾಲ್ಕು ಪುಟ ಬರೆದಳು. ಸಂವಿಧಾನದಿಂದ ಶುರುಮಾಡಿ ಎರಡು ತೀರ್ಪುಗಳನ್ನೂ ಸೇರಿಸಿದಳು. ಮೂರು ವಾರವಾದರೂ ಅರ್ಜಿ ಕದಲಲಿಲ್ಲ. ನಾಲ್ಕನೇ ವಾರ ಉಚ್ಚೆಂಗೆಮ್ಮ ಸಂಕೋಚಪಡುತ್ತ ಹೈದರಸಾಬರ ಮೇಜಿನ ಮುಂದೆ ಕೂತಿದ್ದು ಭಾಗ್ಯಳ ಕಣ್ಣಿಗೆ ಬಿತ್ತು. ಹೈದರಸಾಬರು ಒಂಬತ್ತು ಸಾಲು ಬರೆದು, ಹಳೆಯ ಆದೇಶದ ನಂಬರು ಹಾಕಿ, ಅಂಚೆ ಪಾಸ್‌ಬುಕ್ಕಿನ ನಕಲು ಲಗತ್ತಿಸಿ ಕೊಟ್ಟರು. ಹತ್ತು ದಿನಕ್ಕೆ ವೇತನ ಬಂತು.

ಮುಂದಿನ ವಾರ ಭಾಗ್ಯ ತನ್ನ ಕುರ್ಚಿ ಎತ್ತಿಕೊಂಡು ಅವರ ಹತ್ತಿರ ಹೋದಳು.

“ನಂದು ಯಾಕ ಆಗಲಿಲ್ಲ ಹೇಳ್ರಿ, ಸಾಬ್ರ.”

ಹೈದರಸಾಬರು ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು. ಜಗಳಕ್ಕೆ ಬಂದಿಲ್ಲ ಎಂದು ಗೊತ್ತಾಯಿತು.

“ನೀನು ಬರದದ್ದು ಪರೀಕ್ಷಾ ಪೇಪರ್ ಇದ್ದಂಗ ಇತ್ತು, ತಾಯಿ. ಮಾರ್ಕ್ಸ್ ಕೊಡಬಹುದು, ವೇತನ ಕೊಡಾಕ ಆಗಲ್ಲ. ಅರ್ಜಿ ಓದೋ ಗುಮಾಸ್ತ ಎದ್ದು ಫೈಲು ಹುಡುಕಬೇಕೋ, ಕೂತಲ್ಲೇ ಸಹಿ ಮಾಡಬಹುದೋ, ಅಷ್ಟ ನೋಡ್ತಾನ. ಕುಂದ್ರು, ಇಲ್ಲಿ ನೆಳ್ಳು ಐತಿ.”

ಹೀಗೆ ಅವಳ ಕುರ್ಚಿ ಅವರ ಮೇಜಿನ ಪಕ್ಕಕ್ಕೆ ಬಂತು. ದುಡ್ಡು ಕೊಡಬಲ್ಲವರ ಅರ್ಜಿ ಅವರು ಬರೆಯುವುದು, ಕೊಡಲಾಗದವರದು ಇವಳು ಬರೆಯುವುದು, ಬರೆದ ಮೇಲೆ ಅವರೊಮ್ಮೆ ನೋಡುವುದು ಎಂದು ಯಾರೂ ಮಾತಾಡಿ ತೀರ್ಮಾನಿಸದೆ ರೂಢಿಯಾಯಿತು. ಎರಡು ತಿಂಗಳಲ್ಲಿ ‘ಸಾಬ್ರು’ ಹೋಗಿ ‘ಚಾಚಾ’ ಆದರು. ಅವರ ಹೆಂಡತಿ ಶಾಹಜಾನಬಿ ಬುತ್ತಿಗೆ ಎರಡು ರೊಟ್ಟಿ ಹೆಚ್ಚು ಇಡತೊಡಗಿದರು.

ದಸರೆ ಕಳೆದ ಮೇಲೆ ಒಂದು ದಿನ ಹುಲುಗಮ್ಮ ಬಂದಳು. ತವರು ಸಿರುಗುಪ್ಪ, ಕೊಟ್ಟ ಊರು ಕುರುಗೋಡು. ಮೂವತ್ತು ವರ್ಷವೂ ಆಗಿರಲಿಲ್ಲ. ಗಂಡ ಸುಣ್ಣಬಣ್ಣ ಹೊಡೆಯುವ ಕೆಲಸದವನು. ಸಂಜೆ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದಾಗ ಅದಿರು ಲಾರಿಯೊಂದು ಬಡಿದು ಹೋಗಿತ್ತು. ಲಾರಿ ನಿಲ್ಲಲಿಲ್ಲ. ನಂಬರು ಯಾರೂ ನೋಡಲಿಲ್ಲ. ‘ನಂಬರು ಸಿಕ್ರ ಪರಿಹಾರ ಸಿಗತೈತಿ’ ಎಂದು ಊರೆಲ್ಲ ಹೇಳಿತ್ತು.

“ಹಿಂದಿನ ಹಲಗಿ ಮ್ಯಾಲೆ ನವಿಲಿನ ಚಿತ್ರ ಇತ್ತು ಅಂತ ಕುರಿ ಕಾಯೋ ಅಜ್ಜ ಒಬ್ಬ ಹೇಳಿದ” ಎಂದಳು ಹುಲುಗಮ್ಮ. “ನಂಗ ನಂಬರು ಓದಾಕ ಬರಲ್ಲ. ಚಿತ್ರ ಗೊತ್ತಾಗತೈತಲ್ಲ ಅಂತ ಒಂದು ತಿಂಗಳು ರಸ್ತಿ ಬಾಜು ನಿಂತು ನೋಡೀನಿ. ನವಿಲು ಇರೋ ಲಾರಿ ಹದಿನೇಳು ಅದಾವು. ಯಾವುದಂತ ಹೇಳ್ಲಿ?”

ಹೈದರಸಾಬರು ಪೆನ್ನು ಕೆಳಗಿಟ್ಟರು. ಅವರಿಗೂ ಏನು ಬರೆಯಬೇಕೆಂದು ತೋಚಲಿಲ್ಲ. ಭಾಗ್ಯ ಮೆಲ್ಲಗೆ, “ನಂಬರು ಬ್ಯಾಡ” ಎಂದಳು.

“ಬ್ಯಾಡ ಅಂದ್ರ?”

“ಗುದ್ದಿದ ಗಾಡಿ ಪತ್ತೆನೇ ಆಗಲಿಲ್ಲ ಅಂದ್ರ ಅದಕ್ಕಂತ ಬ್ಯಾರೆ ಪರಿಹಾರ ಐತಿ, ಚಾಚಾ. ಕೋರ್ಟಿಗಿ ಹೋಗಬೇಕಾಗಿಲ್ಲ. ಕಂದಾಯ ಅಧಿಕಾರಿಗೇ ಅರ್ಜಿ ಕೊಡಬೇಕು. ಬಹಳ ರೊಕ್ಕ ಅಲ್ಲ. ಆದ್ರ ಐತಿ. ಪುಸ್ತಕದಾಗ ಓದೀನಿ.”

“ಇಪ್ಪತ್ತಾರು ವರ್ಷದಾಗ ಅಂಥ ಅರ್ಜಿ ನಾನು ಒಂದೂ ಬರದಿಲ್ಲಲ್ಲ.”

“ಯಾರಿಗೂ ಗೊತ್ತಿಲ್ಲ, ಅದಕ್ಕ ಯಾರೂ ಬರ್ಸಾಕ ಬಂದಿಲ್ಲ. ಆರು ತಿಂಗಳೊಳಗ ಕೊಡಬೇಕು.” ಹುಲುಗಮ್ಮನ ಕಡೆ ತಿರುಗಿ ತೀರಿಕೊಂಡ ದಿನ ಕೇಳಿ, ಬೆರಳೆಣಿಸಿ, “ಇನ್ನ ಹತ್ತೊಂಬತ್ತು ದಿನ ಐತಿ” ಎಂದಳು.

ಮರುದಿನ ಹೈದರಸಾಬರು ಮೇಜು ಹಾಕಲಿಲ್ಲ. ಮೂವರೂ ಬಸ್ಸು ಹತ್ತಿ ಕುರುಗೋಡಿಗೆ ಹೋದರು. ಠಾಣೆಯಲ್ಲಿ ಯಾವ ಕಾಗದ ಕೇಳಬೇಕೆಂದು ಭಾಗ್ಯಳಿಗೆ ಗೊತ್ತಿತ್ತು. ಯಾವ ಹೊತ್ತಿಗೆ, ಯಾರನ್ನು, ಹೇಗೆ ಕೇಳಬೇಕೆಂದು ಹೈದರಸಾಬರಿಗೆ ಗೊತ್ತಿತ್ತು. ದೂರಿನ ನಕಲು, ಮರಣೋತ್ತರ ಪರೀಕ್ಷೆಯ ವರದಿ, ಲಾರಿ ಪತ್ತೆಯಾಗಲಿಲ್ಲ ಎಂಬ ಠಾಣೆಯ ಬರಹ, ಎಲ್ಲ ಕೈಗೆ ಬರುವಷ್ಟರಲ್ಲಿ ಐದು ಸಲ ಓಡಾಡಿದ್ದರು. ಅವಧಿ ಮುಗಿಯಲು ನಾಲ್ಕು ದಿನವಿರುವಾಗ ಬಳ್ಳಾರಿಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ಸಂಕ್ರಾಂತಿ ಮುಗಿದು ಒಂದು ತಿಂಗಳಿಗೆ ಪರಿಹಾರ ಮಂಜೂರಾಯಿತು. ಹುಲುಗಮ್ಮ ಒಂದು ಚೀಲ ಒಣಮೆಣಸಿನಕಾಯಿ ಹೊತ್ತು ಸಿರುಗುಪ್ಪಕ್ಕೆ ಬಂದು, ಇಬ್ಬರಿಗೂ ಹಂಚಿ, ಮೇಜಿನ ಪಕ್ಕ ನೆರಳಲ್ಲಿ ಕೂತಳು. ಏಳುವಾಗ, “ಈಗ ಲಾರಿ ಹಿಂದ ನೋಡೋದು ಬಿಟ್ಟೀನಿ, ಅಕ್ಕಾ” ಎಂದಳು. ವಯಸ್ಸಿನಲ್ಲಿ ಭಾಗ್ಯಳೇ ಚಿಕ್ಕವಳು. ಅಂದು ಅವಳಿಗೆ ಊಟ ಸೇರಲಿಲ್ಲ, ಸಂತೋಷಕ್ಕೆ.

ಅದೇ ತಿಂಗಳು ಎರ್ರಿಸ್ವಾಮಿ ಮೇಷ್ಟ್ರು ಅವಳನ್ನು ಕರೆದು ಪತ್ರಿಕೆಯಿಂದ ಕತ್ತರಿಸಿದ ತುಂಡೊಂದನ್ನು ಕೊಟ್ಟರು. ಧಾರವಾಡದ ಒಂದು ಟ್ರಸ್ಟು ಕಾನೂನು ಮುಗಿಸಿದವರಿಗೆ ಒಂದು ವರ್ಷದ ಫೆಲೋಶಿಪ್ ಕೊಡುತ್ತಿತ್ತು. ತಿಂಗಳಿಗೆ ಐದು ಸಾವಿರ. ವಕೀಲರಿಲ್ಲದ ಜನರಿಗಾಗಿ ಒಂದು ತಾಲ್ಲೂಕಿನಲ್ಲಿ ಕೂತು ಕೆಲಸ ಮಾಡಬೇಕು. ರಾಜ್ಯಕ್ಕೆಲ್ಲ ಆರು ಮಂದಿ.

ಅದೇ ವಾರ ಇನ್ನೊಂದು ಕರೆಯೂ ಬಂತು. ಗಣಿ ಕಂಪನಿಯೊಂದರ ಬಳ್ಳಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ ಸಹಪಾಠಿ ಮುಸ್ತಾಕ್ ಫೋನು ಮಾಡಿ, ಕಾನೂನು ವಿಭಾಗಕ್ಕೆ ಒಬ್ಬರು ಬೇಕಾಗಿದ್ದಾರೆ, ಹನ್ನೆರಡು ಸಾವಿರ ಕೊಡುತ್ತಾರೆ, ನಿನ್ನ ಹೆಸರು ಹೇಳಿದ್ದೇನೆ ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

ಭಾಗ್ಯ ಎರಡನ್ನೂ ತಾಯಿಯ ಮುಂದೆ ಇಟ್ಟಳು. ಸಾವಂತ್ರಮ್ಮ ಕಣದಿಂದ ಬಂದು ಕಾಲು ತೊಳೆಯುತ್ತಿದ್ದಳು.

“ಹನ್ನೆರಡು ಸಾವಿರದ ಕೆಲಸ ಏನದು?”

“ಜಮೀನಿನ ಕಾಗದ ನೋಡೋದು. ಕಂಪನಿಗಿ ಬೇಕಾದಂಗ ಒಪ್ಪಂದ ಬರೆಯೋದು.”

“ಐದು ಸಾವಿರದ್ದು?”

“ಈಗ ಮಾಡೋದೇ ಅವ್ವಾ. ದಿನಾ.”

ಸಾವಂತ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ನ ಕೇಳಿದ್ರ ಹನ್ನೆರಡು ಅಂತೀನಿ. ಸುಳ್ಳು ಯಾಕ ಹೇಳ್ಲಿ. ನಂಗೂ ಮೊಣಕಾಲು ನೋಯ್ತಾವು. ಆದ್ರ ನೀನು ಕಚೇರಿ ಮುಂದ ಕುಂತು ಶನಿವಾರ ಸಂಜಿ ಮನಿಗಿ ಬಂದಾಗ ಇರೋ ಮುಖ ಬ್ಯಾರೆ ದಿನ ಇರಲ್ಲ. ಒಂದು ವರ್ಷ ನೋಡು. ಅಲ್ಲಿತನ ಮೊಣಕಾಲು ನಡೀತಾವು.”

ಅರ್ಜಿ ನಮೂನೆಯಲ್ಲಿ ಎಲ್ಲ ತುಂಬಿದ ಮೇಲೆ ಒಂದು ಕಾಲಂ ಉಳಿಯಿತು: ಮಾರ್ಗದರ್ಶಕರ ಹೆಸರು, ವಿದ್ಯಾರ್ಹತೆ, ಅನುಭವ. ಕನಿಷ್ಠ ಹತ್ತು ವರ್ಷ ಕಾನೂನು ಕ್ಷೇತ್ರದಲ್ಲಿರಬೇಕು. ಭಾಗ್ಯ ಬಹಳ ಯೋಚಿಸಲಿಲ್ಲ. ಹೈದರಸಾಬರ ಹೆಸರು ಬರೆದಳು.

“ಲೇ, ಹುಚ್ಚು ಹಿಡೀತೇನು ನಿಂಗ?” ಎಂದರು ಅವರು. “ನಾನು ಎಸ್ಸೆಸ್ಸೆಲ್ಸಿ ಫೇಲು. ಇದನ್ನ ನೋಡಿದ್ರ ನಿನ್ನ ಅರ್ಜಿ ಸೀದಾ ಬುಟ್ಟಿಗಿ.”

“ನಂಗ ದಾರಿ ತೋರಿಸಿದೋರು ಯಾರು ಅಂತ ಕೇಳ್ಯಾರ. ಇನ್ನ ಯಾರ ಹೆಸರು ಬರೀಲಿ?”

ಹೈದರಸಾಬರು ಆ ಕಡೆ ತಿರುಗಿ ಬೀಡಿ ಹಚ್ಚಿಕೊಂಡರು. ಕಡ್ಡಿ ಎರಡು ಸಲ ಆರಿತು. ಆಮೇಲೆ, “ಬರೆಯೋದಿದ್ರ ಫೇಲು ಅಂತ ಬರಿ. ಬರೇ ಎಸ್ಸೆಸ್ಸೆಲ್ಸಿ ಅಂದ್ರ ಪಾಸ್ ಅಂದ್ಕೋತಾರ” ಎಂದರು.

ಧಾರವಾಡದಲ್ಲಿ ಸಂದರ್ಶನಕ್ಕೆ ಮೂವರು ಕೂತಿದ್ದರು. ಹುಲುಗಮ್ಮನ ವಿಷಯ ಕೇಳಿ ಅವರು ಬರೆದುಕೊಂಡರು. ಅವರಲ್ಲಿ ಹಿರಿಯ ಹೆಂಗಸೊಬ್ಬರು ನಮೂನೆಯ ಕೊನೆಯ ಪುಟಕ್ಕೆ ಬಂದು ಕನ್ನಡಕ ಸರಿಪಡಿಸಿಕೊಂಡರು.

“ಇಲ್ಲಿ ‘ಎಸ್ಸೆಸ್ಸೆಲ್ಸಿ ಅನುತ್ತೀರ್ಣ’ ಅಂತಿದೆ.”

“ಹೌದು ಮೇಡಂ. ಹಾಗೇ ಬರೀಬೇಕು ಅಂತ ಅವರೇ ಹೇಳಿದ್ರು.”

ಮೂವರೂ ನಕ್ಕರು. ಆ ನಗುವಿನ ಅರ್ಥ ತಿಳಿಯದೆ ಭಾಗ್ಯ ಬಸ್ಸಿನಲ್ಲಿ ಬಳ್ಳಾರಿಯವರೆಗೂ ಅದನ್ನೇ ಯೋಚಿಸುತ್ತ ಬಂದಳು. ಹದಿನೈದು ದಿನಕ್ಕೆ ಪತ್ರ ಬಂತು. ನಿಮ್ಮನ್ನು ಆರಿಸಿದ್ದೇವೆ, ಆದರೆ ಟ್ರಸ್ಟಿನ ನಿಯಮದಂತೆ ಮಾರ್ಗದರ್ಶಕರು ಸನ್ನದು ಪಡೆದ ವಕೀಲರೇ ಆಗಿರಬೇಕು, ತಿಂಗಳೊಳಗೆ ಅಂಥವರೊಬ್ಬರ ಒಪ್ಪಿಗೆ ಕಳಿಸಿ.

ಸಿರುಗುಪ್ಪದಲ್ಲಿ ಅವಳು ಕೇಳಿದ ನಾಲ್ವರು ವಕೀಲರೂ ಒಪ್ಪಲಿಲ್ಲ. ಇಬ್ಬರು ಗಣಿ ಕಂಪನಿಗಳ ಕೇಸು ನೋಡುತ್ತಿದ್ದರು. ಒಬ್ಬರು ಜವಾಬ್ದಾರಿ ಬೇಡವೆಂದರು. ಇನ್ನೊಬ್ಬರು ಇವತ್ತು ನಾಳೆ ಎನ್ನುತ್ತ ಹತ್ತು ದಿನ ತಳ್ಳಿದರು. ಭಾಗ್ಯ ಹೈದರಸಾಬರಿಗೆ ಪತ್ರ ತೋರಿಸಿ, “ಹೋಗ್ಲಿ ಬಿಡ್ರಿ ಚಾಚಾ” ಎಂದಳು. ಅವರು ಪತ್ರ ಮಡಿಸಿ ಜೇಬಿಗೆ ಹಾಕಿಕೊಂಡರು.

ಆ ಸೋಮವಾರ ಹಬ್ಬಕ್ಕೆಂದು ತೆಗೆದಿಟ್ಟಿದ್ದ ಬಿಳಿ ಪೈಜಾಮ ಜುಬ್ಬ ತೊಟ್ಟು ಹೈದರಸಾಬರು ಬಳ್ಳಾರಿಯ ಬಸ್ಸು ಹತ್ತಿದರು. ಎರಡು ಕಚೇರಿಗಳಲ್ಲಿ ಇಲ್ಲವೆನ್ನಿಸಿಕೊಂಡರು. ಮೂರನೆಯದು ಕೌಲ್ ಬಜಾರಿನಲ್ಲಿದ್ದ ನಿಶಾತ್ ಎಂಬ ವಕೀಲೆಯದು. ಅವರ ಪರಿಚಯ ಹೈದರಸಾಬರಿಗೆ ಇರಲಿಲ್ಲ. ಯಾರೋ ಹೆಸರು ಹೇಳಿದ್ದರು, ಅಷ್ಟೆ. ನಿಶಾತ್ ಕೋರ್ಟಿನಿಂದ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಕರೆದಾಗ ಪತ್ರದ ಜೊತೆ ಹುಲುಗಮ್ಮನ ಅರ್ಜಿಯ ನಕಲನ್ನೂ ಮುಂದಿಟ್ಟರು.

ನಿಶಾತ್ ಅದನ್ನು ಎರಡು ಸಲ ಓದಿದರು. “ಯಾರು ಬರದದ್ದು?”

“ಕಾನೂನು ಹುಡುಗಿದು, ಬರವಣಿಗಿ ನಂದು.”

“ನಿಮಗ ಏನಾಗಬೇಕು ಈ ಹುಡುಗಿ?”

ಹೈದರಸಾಬರು, “ಬಾಜೂ ಕುಂದರ್ತಾಳ್ರಿ” ಎಂದರು.

ನಿಶಾತ್ ಸಹಿ ಹಾಕಿದರು. ಆದರೆ ಸುಮ್ಮನೆ ಹಾಕಲಿಲ್ಲ. ಹುಡುಗಿ ವಾರಕ್ಕೆ ಎರಡು ದಿನ ಬಳ್ಳಾರಿಗೆ ಬಂದು ತಮ್ಮ ಫೈಲುಗಳ ಕೆಲಸ ಮಾಡಬೇಕು, ತಪ್ಪಿದರೆ ತಾವು ಬೈಯುವುದು ಖಂಡಿತ, ಬೈದರೆ ಅಳಬಾರದು ಎಂದು ಹೇಳಿ ಕಳಿಸಿದರು. ಸಂಜೆ ಬಸ್ಸಿಳಿದ ಹೈದರಸಾಬರು ಮನೆಗೆ ಹೋಗದೆ ನೇರ ಭಾಗ್ಯಳ ಓಣಿಗೆ ಬಂದು, ಬಾಗಿಲಲ್ಲೇ ನಿಂತು ಕಾಗದ ಕೊಟ್ಟು, ಅದೇ ಕ್ರಮದಲ್ಲಿ ಮೂರೂ ಷರತ್ತು ಒಪ್ಪಿಸಿದರು. ಸಾವಂತ್ರಮ್ಮ ಎಷ್ಟು ಹೇಳಿದರೂ ಒಳಗೆ ಬಂದು ಕೂರಲಿಲ್ಲ, ನೀರು ಮಾತ್ರ ಕುಡಿದು ಹೋದರು.

ನಿಶಾತ್ ಬೈದರು, ಬೇಕಾದಷ್ಟು. ಭಾಗ್ಯ ಒಂದು ಸಲ ಅತ್ತಳು ಕೂಡ, ಬಸ್ ನಿಲ್ದಾಣದಲ್ಲಿ. ಆದರೆ ಸಾಕ್ಷಿಯನ್ನು ಹೇಗೆ ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಆ ಕಚೇರಿಯಲ್ಲೇ ಅವಳಿಗೆ ತಿಳಿದದ್ದು. ಉಳಿದ ದಿನ ಸಿರುಗುಪ್ಪ, ಎರಡು ವಾರಕ್ಕೊಮ್ಮೆ ಕುರುಗೋಡು. ಹುಲುಗಮ್ಮ ಹೋದಲ್ಲೆಲ್ಲ ಹೇಳಿ, ಲಾರಿಗೆ ಸಿಕ್ಕವರ ಮನೆಯವರನ್ನು ಒಬ್ಬೊಬ್ಬರಾಗಿ ಕರೆತಂದಳು. ಆ ವರ್ಷ ಅಂಥ ಎಂಟು ಅರ್ಜಿ ಹೋದವು, ಆರು ಮಂಜೂರಾದವು. ಎರಡು ಅವಧಿ ಮೀರಿದ್ದವು, ಏನೂ ಮಾಡಲಾಗಲಿಲ್ಲ. ಫೆಲೋಶಿಪ್ ಮುಗಿಯುವ ಹೊತ್ತಿಗೆ ಭಾಗ್ಯಳಿಗೆ ಸನ್ನದು ಸಿಕ್ಕಿತ್ತು. ನಿಶಾತ್ ತಮ್ಮ ಕಚೇರಿಯಲ್ಲೇ ಸಂಬಳಕ್ಕೆ ಉಳಿಯಲು ಹೇಳಿದರು. ಎರಡು ದಿನಕ್ಕಾದರೆ ಬರುತ್ತೇನೆ ಎಂದಳು. ಅವರು ಗೊಣಗಿ ಒಪ್ಪಿದರು.

ಸಿರುಗುಪ್ಪ ಕೋರ್ಟಿನಲ್ಲಿ ಅವಳ ಮೊದಲ ಕೇಸು ಒಂದು ದಾರಿ ತಕರಾರು. ಕಪ್ಪು ಕೋಟು ಭುಜದಲ್ಲಿ ಸ್ವಲ್ಪ ದೊಡ್ಡದಾಗಿತ್ತು. ಹೈದರಸಾಬರು ಹಿಂದಿನ ಬೆಂಚಿನಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೇಸು ಕೂಗಿದರು. ಭಾಗ್ಯ ಎದ್ದು ನಿಂತಳು. ಎದುರು ಕಡೆಯವರು ಸಮಯ ಕೇಳಿದರು, ನ್ಯಾಯಾಧೀಶರು ದಿನಾಂಕ ಕೊಟ್ಟರು, ಮುಂದಿನ ಕೇಸು ಕೂಗಿದರು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದರಲ್ಲಿ ಒಂದು ಮಾತೂ ಆಡಲು ಆಗಲಿಲ್ಲ.

ಹೊರಗೆ ಬಂದಾಗ ಹೈದರಸಾಬರು ಕೇಳಿದರು, “ಏನಾತು?”

“ಮುಂದಿನ ತಿಂಗಳು ಹದಿನಾಕಕ್ಕ ಹಾಕಿದ್ರು.”

“ಅಷ್ಟ?”

“ಅಷ್ಟ, ಚಾಚಾ.”

ಅವರು ಅವಳ ಕೈಯಲ್ಲಿದ್ದ ಫೈಲು ತೆಗೆದುಕೊಂಡು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. “ಚಲೋ ನಿಂತಿದ್ದಿ” ಎಂದರು. “ನಡಿ, ನಿಮ್ಮ ಚಾಚಿ ಅಡಿಗಿ ಮಾಡಿ ಕಾಯಾಕ ಹತ್ಯಾಳ. ನಿಮ್ಮವ್ವನೂ ಆಗಲೇ ಬಂದು ಕುಂತಾಳಂತ.”