ಲೋಹಬಾಹುವಿನ ಹೊಸ ಅಪ್ಪ

ಗೋದಾ ಎರಡನೆಯ ರೊಟ್ಟಿಯನ್ನು ತವೆಗೆ ಹಾಕುವಷ್ಟರಲ್ಲಿ ಬಾಗಿಲಲ್ಲಿ ರಾಧಾಬಾಯಿ ಕೆಮ್ಮಿದರು. ಸದಾಶಿವ ಪೇಠದ, ಹಲವು ಸಂಸಾರಗಳು ಬಾಡಿಗೆಗಿದ್ದ ಆ ವಾಡೆಯ ಮುಂಗೋಣೆಯಲ್ಲಿ ಅವರದು ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ. ಆಕಾಶದಲ್ಲಿ ಹಾರುವ ವೀರ ಲೋಹಬಾಹುವಿನ ಚಿತ್ರಕಥೆಗಳಿಗೆ ಅಲ್ಲಿ ಯಾವಾಗಲೂ ಸರದಿ. ರಾಧಾಬಾಯಿ ಬೆಳಗಾವಿ ಕಡೆಯವರು, ಮಾತಿಗೆ ಬೇಲಿಯಿಲ್ಲ.

“ಗೋದಾ, ಲೋಹಬಾಹುನ್ನ ಕೊಡವಾ. ಹುಡುಗೂರು ಅಂಗಡಿ ಮುಂದ ಕೂತಾವ.”

“ಕುಂದಾ ತಲಿದಿಂಬಿನ ಕೆಳಗ ಇಟ್ಕೊಂಡಾಳ್ರಿ. ತರ್ತಾಳ, ಕೂಡ್ರಿ.”

“ಅಂಥಾದ್ದೇನದ ಅದರಾಗ? ಎಪ್ಪತ್ತೊಂದರಿಂದ ನಾ ನೋಡ್ಲಿಕತ್ತೀನಿ ಅವನ್ನ. ಮೊದಲ ಕೆಂಪು ಅಂಗಿ, ಸ್ಮಗ್ಲರ್‌ಗಳನ್ನ ಹಿಡೀತಿದ್ದ, ನಕ್ಕೋತ ಇರ್ತಿದ್ದ. ಎಂಬತ್ತರಾಗ ಒಮ್ಮೆ ಸಾಯಿಸಿದರು, ಮಾರಾಟ ಬಿತ್ತಂತ, ನಾಕು ತಿಂಗಳಿಗೆ ಎಬ್ಬಿಸಿದರು. ಈಗ ಮುಂಬೈದಾಗ ಯಾರೋ ಹೊಸಬರು ಬರೀತಾರ. ಕರೀ ಅಂಗಿ, ಮೂರು ಹೊತ್ತೂ ಮಾರಿ ಗಂಟು. ಅದೂ ಹೋಗಲಿ ಅಂದ್ರ, ಅಪ್ಪನ್ನೂ ಬದಲಿ ಮಾಡ್ಯಾರ. ಹಿಮಾಲಯದ ಗುಹಾದಾಗ ಸಂಶೋಧನೆ ಮಾಡ್ತಿದ್ದ ಅಪ್ಪ, ಈಗ ನೋಡಿದ್ರ ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡಿಹೋದಾಂವ…”

“ಬಾಯಾರ, ಚಹಾ ಕುಡೀತೀರೇನು?” ಗೋದಾ ಅವಸರದಿಂದ ಕೇಳಿದಳು.

ತವೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಮಗಳು ಕುಂದಾ ಪುಸ್ತಕ ಹಿಡಿದು ನಡುಬಾಗಿಲಲ್ಲಿ ನಿಂತಿದ್ದಳು.

ಆ ಮರಾಠಿ ಪುಸ್ತಕಗಳನ್ನು ಗೋದಾ ಎರಡು ವರ್ಷದಿಂದ ಮಗಳಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ನಿನ್ನೆ ಸಂಜೆ, ಲೋಹಬಾಹುವಿನ ಅಪ್ಪ ಓಡಿಹೋದ ಪುಟ ಬಂದಾಗ ನಾಲಗೆ ತಾನಾಗಿ ಹಳೆಯ ಕಥೆಗೆ ಹೊರಳಿತ್ತು: ಅಪ್ಪ ಗುಹೆಯಲ್ಲಿದ್ದಾನೆ, ಕೆಲಸ ಮುಗಿದ ಕೂಡಲೇ ಬರುತ್ತಾನೆ. ಕುಂದಾಳ ಅಪ್ಪ ಮಸ್ಕತ್‌ನಲ್ಲಿದ್ದಾನೆ ಎಂದು ಅವಳು ಹೇಳುತ್ತ ಬಂದದ್ದೂ ಹೀಗೆಯೇ. ಅವನು ನಾಶಿಕದಲ್ಲಿ ಬೇರೊಂದು ಸಂಸಾರ ಹೂಡಿ ಮೂರು ವರ್ಷವಾಗಿತ್ತು. ಮಗಳು ಇನ್ನಷ್ಟು ದೊಡ್ಡವಳಾಗಲಿ, ಆಮೇಲೆ ಹೇಳಿದರಾಯಿತು ಎಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದಳು.

“ಕೊಡು ಕೂಸ,” ರಾಧಾಬಾಯಿ ಕೈ ಚಾಚಿದರು.

“ಒಂದು ಪುಟ ಅದ ಅಜ್ಜಿ, ತಡೀರಿ.” ಕುಂದಾ ನೆಲಕ್ಕೆ ಕೂತು ನಿನ್ನೆಯ ಅದೇ ಪುಟ ಬಿಚ್ಚಿದಳು.

ಮರಾಠಿ ಶಾಲೆಯ ಎರಡನೆಯ ಇಯತ್ತೆಯ ಹುಡುಗಿ. ಜೋಡಕ್ಷರ ಬಂದಲ್ಲಿ ಓದು ನಿಲ್ಲುತ್ತದೆ ಎಂದು ಟೀಚರ್ ಹೇಳಿದ್ದರು. ಗೋದಾ ಅದನ್ನು ನಂಬಿ ನಿಶ್ಚಿಂತಳಾಗಿದ್ದಳು. ಈಗ ಆ ಪುಟ್ಟ ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯಿತು, ಒಂದೆಡೆ ನಿಂತಿತು, ಹಿಂದಕ್ಕೆ ಬಂದು ಮತ್ತೆ ಮುಂದೆ ಹೋಯಿತು. ಗೋದಾ ಪುಸ್ತಕ ಕಸಿದುಕೊಳ್ಳಬಹುದಿತ್ತು. ಕೈಯೆಲ್ಲ ಹಿಟ್ಟು ಎಂದು ತನಗೆ ತಾನೇ ನೆವ ಹೇಳಿಕೊಂಡಳು.

ರಾಧಾಬಾಯಿ ಇಬ್ಬರ ಮುಖವನ್ನೂ ನೋಡಿದರು. “ಚಹಾ ಆಮ್ಯಾಲ ಕುಡದರಾತು. ಪುಸ್ತಕ ಇರಲಿ ಬಿಡು, ಹುಡುಗೂರಿಗೆ ಬ್ಯಾರೇದು ಕೊಡ್ತೀನಿ,” ಎಂದು ಮೆಲ್ಲಗೆ ಹೊರಬಿದ್ದರು.

ಕುಂದಾ ಪುಟ ಮುಗಿಸಿದಳು. ಅಳಲಿಲ್ಲ. ತಾಯಿಯ ಮಗ್ಗುಲಿಗೆ ಬಂದು ಕೂತು, ನೆಲಕ್ಕೆ ಉದುರಿದ್ದ ಹಿಟ್ಟನ್ನು ಬೆರಳಿನಿಂದ ಒಟ್ಟುಮಾಡತೊಡಗಿದಳು. ಗೋದಾ ಸ್ಟೋವ್ ಆರಿಸಿದಳು. ಹಿಟ್ಟಿನ ಕೈ ಒರೆಸಿಕೊಂಡು ಮಗಳ ಕಡೆಗೆ ತಿರುಗಿ ಕೂತಳು.

“ಅವ್ವಾ,” ಕುಂದಾ ತಲೆ ಎತ್ತಲಿಲ್ಲ. “ನಮ್ಮಪ್ಪ ಖರೇನ ಮಸ್ಕತ್‌ದಾಗ ಇದ್ದಾನೇನು?”