ಅಪ್ಪನ ರೇಡಿಯೋದ ಡಯೋಡು

"ನಿಮ್ಮಪ್ಪನ ಕಣ್ಣು ಸರಿ ಇದ್ದಿದ್ರೆ ಇಷ್ಟೊತ್ತಿಗೆ ಇದು ಹಾಡ್ತಾ ಇರ್ತಿತ್ತು ಬಿಡು," ಎಂದು ಟೈಲರಮ್ಮ ತನ್ನ ರೇಡಿಯೋವನ್ನು ಮೇಜಿನ ಮೇಲೆ ಕುಕ್ಕಿದಳು. "ನೀನು ಮಾಡಿರೋ ರಿಪೇರಿಗೆ ಹತ್ತಿರದ ಸ್ಟೇಷನ್ ಮಾತ್ರ ಅರಚುತ್ತೆ. ನಂಗೆ ದೂರದ ಸ್ಟೇಷನ್ ಬೇಕು. ಸಾಯಂಕಾಲ ಬರ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆ ಕಡೆ ಒಯ್ತೀನಿ."

ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಅಪ್ಪನಿಗೆ ಇದು ಕೇಳಿಸದೆ ಇರಲಿಲ್ಲ. ಮಗನ ಕಿವಿ ಬಿಸಿಯಾಯಿತು. ಅಪ್ಪನ ಕಣ್ಣು ಹೋದ ವರ್ಷವೇ ಅವನನ್ನು ಒಂಬತ್ತನೇ ಕ್ಲಾಸಿನಿಂದ ಎಬ್ಬಿಸಿ ತಂದು ಈ ಸ್ಟೂಲಿನ ಮೇಲೆ ಕೂರಿಸಿದ್ದರು. ಅಂದಿನಿಂದ ಬಂದವರೆಲ್ಲ ಅವನ ಕೈ ನೋಡುತ್ತ ಅಪ್ಪನ ಕೈ ನೆನೆಯುವವರೇ. ಹಾಳಾಗಿ ಹೋಗಲಿ, ಯಾರು ಕೇಳಿದ್ದರು ಈ ಸ್ಟೂಲು?

ಆ ರೇಡಿಯೋದಲ್ಲಿ ಸತ್ತಿದ್ದದ್ದು ಗಾಳಿಯ ಅಲೆಯಿಂದ ದನಿ ಹೆಕ್ಕಿ ಕೊಡುವ, ಅಕ್ಕಿಕಾಳಿನಷ್ಟು ಗಾತ್ರದ ಜರ್ಮೇನಿಯಂ ಡಯೋಡು. ಅದೀಗ ಎಲ್ಲೂ ಸಿಗುತ್ತಿರಲಿಲ್ಲ. ಅವನ ಡಬ್ಬಿ ತುಂಬ ಇದ್ದವು ಸಿಲಿಕಾನಿನವು. ನೋಡಲು ಎರಡೂ ಅಣ್ಣತಮ್ಮಂದಿರು: ಅದೇ ಗಾಜು, ಅದೇ ಕಪ್ಪು ಪಟ್ಟಿ. "ಗಟ್ಟಿ ದನಿಗೆ ಎರಡೂ ಒಂದೇ ಕಣೋ. ಕ್ಷೀಣವಾಗಿ ಬಂದದ್ದಕ್ಕೆ ಸಿಲಿಕಾನ್ ಬಾಗಿಲೇ ತೆಗೆಯಲ್ಲ," ಎಂದು ಅಪ್ಪ ಹೇಳಿ ಹೇಳಿ ಸುಸ್ತಾಗಿದ್ದ. ಆದರೂ ಮಗ ಹಾಕಿದ್ದು ಸಿಲಿಕಾನನ್ನೇ.

ಮಧ್ಯಾಹ್ನ ಅಪ್ಪ ಸ್ನಾನಕ್ಕೆ ಹೋದ. ಮಗ ಹಾಸಿಗೆಯ ಪಕ್ಕದಿಂದ ಅಪ್ಪನ ರೇಡಿಯೋ ಎತ್ತಿಕೊಂಡು ಬಂದು ಬಿಚ್ಚಿದ. ಒಳಗಿನ ಜರ್ಮೇನಿಯಂ ಡಯೋಡು ಕಿತ್ತು ಟೈಲರಮ್ಮನದಕ್ಕೆ ಬೆಸೆದ. ಅವಳದರಲ್ಲಿದ್ದ ಸಿಲಿಕಾನನ್ನು ಅಪ್ಪನದಕ್ಕೆ. ಮನೆಯದು ತಾನೆ, ನಡೆಯುತ್ತೆ.

ಹೊತ್ತು ಮುಳುಗುವ ಸಮಯಕ್ಕೆ ಒಳಕೋಣೆಯ ಅಪ್ಪನ ರೇಡಿಯೋದಿಂದ ಬರೀ ಬುಸ್ಸೆನ್ನುವ ಸದ್ದು. ದಿನಾ ಆ ಹೊತ್ತಿಗೆ ಎಲ್ಲಿಯದೋ ದೂರದ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ವಾರ್ತೆ ಓದುತ್ತಿದ್ದಳು. ಅವಳ ಭಾಷೆ ಅಪ್ಪನಿಗೆ ಒಂದಕ್ಷರವೂ ತಿಳಿಯದು. ದನಿ ಕೇಳಿಯೇ ಅವಳ ಸುಖದುಃಖ ವಿಚಾರಿಸುವುದು ಅವನ ಚಾಳಿ. ನಿನ್ನೆ ತಾನೇ, "ಪಾಪ, ಶೀತ ಆಗಿದೆ ಅವಳಿಗೆ. ರಜ ಕೊಡಬಾರದಾ ಮಹರಾಯರು?" ಎಂದಿದ್ದ.

"ಮಗಾ, ಅವಳು ಬರ್ತಾ ಇಲ್ವಲ್ಲೋ."

"ಆ ಸ್ಟೇಷನ್ ಮುಚ್ಚಿದ್ರಂತೆ." ಮಾತು ತಾನಾಗಿ ಬಾಯಿಂದ ಜಾರಿತು.

"ಹೌದಾ?" ಅಪ್ಪ ರೇಡಿಯೋ ಆರಿಸಿದ. "ಅವಳಿಗೆ ಬೇರೆಲ್ಲಾದ್ರೂ ಕೆಲಸ ಸಿಕ್ಕಿರುತ್ತೆ, ಅಲ್ವಾ?"

ಅಷ್ಟರಲ್ಲಿ ಟೈಲರಮ್ಮ ಬಂದಳು. ಮಗ ಬೇಡ ಎನ್ನುವಷ್ಟರಲ್ಲಿ ಅವಳೇ ತನ್ನ ರೇಡಿಯೋದ ಗುಂಡಿ ತಿರುವಿದಳು. ಮುಳ್ಳು ಸರಿಯಿತು, ಗೊರಗೊರ ಎಂದಿತು, ನಿಂತಿತು. ತೆಳ್ಳಗೆ, ಸ್ಪಷ್ಟವಾಗಿ, ಆ ಹೆಂಗಸಿನ ದನಿ.

"ಇದಪ್ಪಾ! ಈಗ ನೀನು ನಿಮ್ಮಪ್ಪನ ಮಗ."

ಅಪ್ಪ ಗೋಡೆ ಸವರಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ.

"ಶೀತ ವಾಸಿಯಾಗಿದೆ," ಎಂದ.

"ಯಾರಿಗಣ್ಣಾ?" ಎಂದಳು ಟೈಲರಮ್ಮ.

ಅಪ್ಪ ಮೇಜಿನವರೆಗೆ ಬಂದು ರೇಡಿಯೋದ ಬೆನ್ನಿನ ಮೇಲೆ ಕೈಯಿಟ್ಟ. ಮೇಜಿನ ಮೇಲೆ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಇನ್ನೂ ಕಾದೇ ಇತ್ತು. ಒಂದು ಮಾತು ಸಾಕಿತ್ತು: ಇಲ್ಲಿ ಕೊಡಿ ಅಕ್ಕ, ಇದರಲ್ಲಿರೋದು ನಮ್ಮದು. ಮಗ ಐರನ್ನಿನ ಕಡೆ ಕೈ ಚಾಚಿದ.

"ಚೆನ್ನಾಗಿ ಮಾಡಿದಾನೆ. ತಗೊಂಡು ಹೋಗಮ್ಮ," ಎಂದ ಅಪ್ಪ.

ಅವಳು ರೇಡಿಯೋ ಆರಿಸದೆಯೇ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ದನಿ ಬೀದಿಗುಂಟ ಸಾಗಿತು; ಸೈಕಲ್ ಅಂಗಡಿ ದಾಟಿತು, ತಿರುವಿನಲ್ಲಿ ಸಣ್ಣದಾಯಿತು. ಮಗನಿಗೆ ಆಮೇಲೆ ಏನೂ ಕೇಳಿಸಲಿಲ್ಲ. ಅಪ್ಪ ಮಾತ್ರ ಬೀದಿಯ ಕಡೆ ಕಿವಿಯೊಡ್ಡಿ, ಕತ್ತು ವಾಲಿಸಿ, ಇನ್ನೂ ನಿಂತೇ ಇದ್ದ.